ಸಾಕ್ಷಿಯಿಲ್ಲದ ಶೌರ್ಯ

ಶೇಕಡ ಐದು ಎಂಬುದು ಅರ್ಥಶಾಸ್ತ್ರ ಓದಿದವರನ್ನು ಬೆಚ್ಚಿಬೀಳಿಸುವ ಪ್ರಮಾಣವಲ್ಲ. ಬೆಲೆಗಳು ವರ್ಷಕ್ಕೆ ಶೇಕಡ ಐದರಷ್ಟು ಏರಿದರೆ ಗೊಣಗಿ ಸುಮ್ಮನಾಗುತ್ತೇವೆ. ಠೇವಣಿಗೆ ಶೇಕಡ ಐದೇ ಬಡ್ಡಿ ಎಂದರೆ ನನ್ನಂಥ ನಿವೃತ್ತರು ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ಆದರೆ ಚಕ್ರಬಡ್ಡಿಯ ನಿಯಮವನ್ನು ಮನುಷ್ಯಜೀವಕ್ಕೆ ಅನ್ವಯಿಸಿದೊಡನೆ ಈ ಸಾಧು ಸಂಖ್ಯೆಯ ಸ್ವರೂಪವೇ ಬದಲಾಗುತ್ತದೆ. 1943-44ರ ಚಳಿಗಾಲದಲ್ಲಿ ಇಂಗ್ಲೆಂಡಿನ ಪೂರ್ವಭಾಗದ ನೆಲೆಗಳಿಂದ ಬರ್ಲಿನ್ ಕಡೆಗೆ ಹಾರುತ್ತಿದ್ದ ಬಾಂಬರ್ ವಿಮಾನಗಳಲ್ಲಿ ಸರಾಸರಿ ನೂರಕ್ಕೆ ಐದು ಹಿಂತಿರುಗುತ್ತಿರಲಿಲ್ಲ. ವೈಮಾನಿಕನೊಬ್ಬ ಮೂವತ್ತು ದಾಳಿಗಳನ್ನು ಪೂರೈಸಿದರೆ ಅವನ ಮೊದಲ ಸರದಿ ಮುಗಿಯಿತು. 0.95 ಅನ್ನು ಮೂವತ್ತು ಬಾರಿ ಗುಣಿಸಿ ನೋಡಿ: ನೂರು ಮಂದಿಯಲ್ಲಿ ಸರದಿ ಮುಗಿಸುವವರು ಇಪ್ಪತ್ತೊಂದೋ ಇಪ್ಪತ್ತೆರಡೋ. ಈ ಲೆಕ್ಕಕ್ಕೆ ಪದವಿಯೇನೂ ಬೇಕಿರಲಿಲ್ಲ. ಬೆಳಗಿನ ಉಪಾಹಾರದ ಹೊತ್ತಿಗೆ ಖಾಲಿ ಉಳಿದ ಕುರ್ಚಿಗಳನ್ನು ಎಣಿಸಬಲ್ಲ ಯಾರಿಗಾದರೂ ಅದು ತಿಳಿಯುತ್ತಿತ್ತು.

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನ ಬಾಂಬರ್ ಕಮಾಂಡ್ ವಿಭಾಗದಲ್ಲಿ ಸುಮಾರು 1,25,000 ವೈಮಾನಿಕರು ಸೇವೆ ಸಲ್ಲಿಸಿದರು. ಅವರಲ್ಲಿ 55,573 ಮಂದಿ ಸತ್ತರು. 9,838 ಮಂದಿ ಸೆರೆಯಾದರು. ಐದು ಸಾವಿರಕ್ಕೂ ಹೆಚ್ಚು ಮಂದಿ ಶತ್ರುವಿನ ಮುಖವನ್ನೇ ಕಾಣದೆ ತರಬೇತಿಯ ಅಪಘಾತಗಳಲ್ಲಿ ತೀರಿಕೊಂಡರು. ಚರಿತ್ರಕಾರ ಮಾರ್ಟಿನ್ ಮಿಡಲ್‌ಬ್ರೂಕ್ ಕೊಟ್ಟಿರುವ ಲೆಕ್ಕವೊಂದಿದೆ. ದಾಳಿಗೆ ಸಿದ್ಧಗೊಳಿಸುವ ತರಬೇತಿ ಘಟಕಕ್ಕೆ ಸೇರಿದ ನೂರು ಯುವಕರನ್ನು ತೆಗೆದುಕೊಂಡರೆ 51 ಮಂದಿ ದಾಳಿಗಳಲ್ಲಿ, 9 ಮಂದಿ ಇಂಗ್ಲೆಂಡಿನೊಳಗಿನ ಅಪಘಾತಗಳಲ್ಲಿ ಸತ್ತರು. 3 ಮಂದಿ ತೀವ್ರವಾಗಿ ಗಾಯಗೊಂಡರು. 12 ಮಂದಿ ಯುದ್ಧಕೈದಿಗಳಾದರು. ಒಬ್ಬ ಶತ್ರುನೆಲದಲ್ಲಿ ಬಿದ್ದರೂ ತಪ್ಪಿಸಿಕೊಂಡು ಬಂದ. ಏನೂ ಆಗದೆ ಮನೆಗೆ ಮರಳಿದವರು 24. ಇವರ ಸರಾಸರಿ ವಯಸ್ಸು ಇಪ್ಪತ್ತೆರಡರ ಆಸುಪಾಸು. ಬ್ರಿಟಿಷರ ಜೊತೆಗೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡ್, ಕೆರಿಬಿಯನ್ ದ್ವೀಪಗಳ ಹುಡುಗರೂ ಇದ್ದರು. ಸತ್ತವರಲ್ಲಿ ಕೆನಡಾದವರೇ ಹತ್ತು ಸಾವಿರದಷ್ಟು. ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಕಡ್ಡಾಯ ಸೈನಿಕ ಸೇವೆ ಜಾರಿಯಲ್ಲಿದ್ದ ಕಾಲದಲ್ಲಿಯೂ ವಿಮಾನ ಹತ್ತುವ ಕೆಲಸಕ್ಕೆ ಯಾರನ್ನೂ ಬಲವಂತವಾಗಿ ಸೇರಿಸಲಿಲ್ಲ. ಇವರೆಲ್ಲರೂ ತಾವಾಗಿಯೇ ಹೆಸರು ಕೊಟ್ಟವರು.

ತಂಡಗಳು ರೂಪುಗೊಳ್ಳುತ್ತಿದ್ದ ಬಗೆ ವಿಚಿತ್ರವಾಗಿತ್ತು. ಅಂಗುಲ ಅಂಗುಲಕ್ಕೂ ನಿಯಮಾವಳಿ ಇದ್ದ ಸೈನ್ಯದಲ್ಲಿ ಈ ಒಂದು ವಿಷಯವನ್ನು ಮಾತ್ರ ನಿಯಮಕ್ಕೆ ಕಟ್ಟಿಹಾಕಿರಲಿಲ್ಲ. ಪೈಲಟ್‌ಗಳು, ನ್ಯಾವಿಗೇಟರ್‌ಗಳು, ಬಾಂಬ್ ಗುರಿಕಾರರು, ವೈರ್‌ಲೆಸ್ ನಿರ್ವಾಹಕರು, ಬಂದೂಕುಗಾರರು ಎಲ್ಲರನ್ನೂ ದೊಡ್ಡ ಶೆಡ್ಡೊಂದರೊಳಗೆ ಬಿಟ್ಟು, ನಿಮ್ಮ ನಿಮ್ಮ ತಂಡವನ್ನು ನೀವೇ ಮಾಡಿಕೊಳ್ಳಿ ಎಂದು ಹೇಳಿಬಿಡುತ್ತಿದ್ದರು. ಒಬ್ಬನ ನಗು, ಇನ್ನೊಬ್ಬನ ಊರು, ಮತ್ತೊಬ್ಬನ ಗಂಭೀರ ಮುಖ ನೋಡಿ ಅಪರಿಚಿತರು ಜೊತೆಯಾಗುತ್ತಿದ್ದರು. ಮುಂದೆ ಭಾರಿ ವಿಮಾನಕ್ಕೆ ಬಡ್ತಿ ಪಡೆದಾಗ ಫ್ಲೈಟ್ ಎಂಜಿನಿಯರ್ ಮತ್ತು ಇನ್ನೊಬ್ಬ ಬಂದೂಕುಗಾರ ಸೇರಿ ಏಳು ಮಂದಿಯಾಗುತ್ತಿದ್ದರು. ಲ್ಯಾಂಕಾಸ್ಟರ್ ವಿಮಾನದಲ್ಲಿ ಇಪ್ಪತ್ತು ಸಾವಿರ ಅಡಿ ಎತ್ತರದ ಕೊರೆಯುವ ಚಳಿಯಲ್ಲಿ, ಆಮ್ಲಜನಕದ ಕೊಳವೆ ಕಟ್ಟಿಕೊಂಡು, ಏಳೆಂಟು ತಾಸು ಕತ್ತಲೆಯಲ್ಲಿ ಕುಳಿತಿರಬೇಕು. ಬಾಲದ ಗೋಪುರದ ಬಂದೂಕುಗಾರನಂತೂ ಉಳಿದ ಆರು ಮಂದಿಯ ಮುಖವನ್ನೇ ಕಾಣದೆ, ಬಂದ ದಾರಿಯನ್ನೇ ನೋಡುತ್ತ ಒಬ್ಬಂಟಿಯಾಗಿ ಹೋಗುತ್ತಿದ್ದ. ಮೊಟ್ಟೆಗೂ ಪಡಿತರವಿದ್ದ ದಿನಗಳಲ್ಲಿ ದಾಳಿಗೆ ಹೋಗುವವರಿಗೆ ಕರಿದ ಮೊಟ್ಟೆ ಸಿಗುತ್ತಿತ್ತು. ಅದು ಬಿಟ್ಟರೆ ಹೆಚ್ಚಿನ ಉಪಚಾರವೇನೂ ಇರಲಿಲ್ಲ.

ಇನ್ನು ಶೌರ್ಯದ ಮಾತು. ನಾರ್ಮನ್ ಜಾಕ್ಸನ್ ಎಂಬ ಲಂಡನ್ನಿನ ಫಿಟ್ಟರ್, 106ನೆಯ ಸ್ಕ್ವಾಡ್ರನ್ನಿನಲ್ಲಿ ಫ್ಲೈಟ್ ಎಂಜಿನಿಯರ್ ಆಗಿದ್ದ. 1944ರ ಏಪ್ರಿಲ್ 26ರ ರಾತ್ರಿ ಅವನ ವಿಮಾನ ಜರ್ಮನಿಯ ಶ್ವೈನ್‌ಫುರ್ಟ್ ನಗರದ ಮೇಲೆ ಬಾಂಬು ಹಾಕಿ ತಿರುಗುತ್ತಿತ್ತು. ಅವನ ಮೂವತ್ತು ದಾಳಿಗಳು ಆಗಲೇ ಮುಗಿದಿದ್ದವು. ಬೇರೆ ತಂಡದೊಂದಿಗೆ ಒಮ್ಮೆ ಹೋಗಿದ್ದ ಕಾರಣ ತನ್ನವರಿಗಿಂತ ಒಂದು ದಾಳಿ ಮುಂದಿದ್ದ ಆತ, ಅವರದನ್ನೂ ಮುಗಿಸಿಕೊಡೋಣವೆಂದು ಮೂವತ್ತೊಂದನೆಯದಕ್ಕೆ ಹೊರಟಿದ್ದ. ಮೊದಲ ಮಗ ಹುಟ್ಟಿದ ಸುದ್ದಿಯೂ ಆಗಷ್ಟೇ ತಲುಪಿತ್ತು. ಶತ್ರುವಿಮಾನದ ಗುಂಡಿಗೆ ಬಲರೆಕ್ಕೆಯಲ್ಲಿ, ಇಂಧನ ಟ್ಯಾಂಕಿನ ಪಕ್ಕದಲ್ಲಿ ಬೆಂಕಿ ಹೊತ್ತಿಕೊಂಡಿತು. ಜಾಕ್ಸನ್ ಬೆಂಕಿ ಆರಿಸುವ ಸಿಲಿಂಡರನ್ನು ಅಂಗಿಯೊಳಗೆ ತುರುಕಿಕೊಂಡು, ಪೈಲಟ್‌ನ ತಲೆಯ ಮೇಲಿನ ಕಿಂಡಿಯಿಂದ ಹೊರಕ್ಕೆ ಹತ್ತಿದ. ಗಂಟೆಗೆ ಇನ್ನೂರು ಮೈಲಿ ವೇಗದಲ್ಲಿ ಹಾರುತ್ತಿದ್ದ ವಿಮಾನದ ಬೆನ್ನ ಮೇಲೆ ತೆವಳಿಕೊಂಡು ರೆಕ್ಕೆಯತ್ತ ಹೊರಟ. ಹೊರಗೆ ಬರುವಾಗಲೇ ಪ್ಯಾರಾಚೂಟ್ ಬಿಚ್ಚಿಕೊಂಡು ವಿಮಾನದೊಳಗೆ ಹರಡಿತು. ಒಳಗಿದ್ದ ಮೂವರು ಅದನ್ನು ಬಾಚಿ ಹಿಡಿದು, ಬಾವಿಗೆ ಹಗ್ಗ ಬಿಡುವಂತೆ ಹಂತಹಂತವಾಗಿ ಎಳೆಗಳನ್ನು ಬಿಡುತ್ತ ಹೋದರು. ಆತ ಜಾರಿ ರೆಕ್ಕೆಯ ಮೇಲೆ ಬಿದ್ದು ಅದರ ಅಂಚನ್ನು ಹಿಡಿದುಕೊಂಡ. ಸಿಲಿಂಡರ್ ಕೈತಪ್ಪಿತು. ಮುಖ, ಕೈಗಳು, ಬಟ್ಟೆ ಬೆಂದವು. ಕೊನೆಗೆ ಗಾಳಿ ಅವನನ್ನು ಬೆಂಕಿಯ ಮೂಲಕವೇ ಎಳೆದು ಎಸೆಯಿತು. ಅರ್ಧ ತೆರೆದು ಅಲ್ಲಲ್ಲಿ ಉರಿಯುತ್ತಿದ್ದ ಪ್ಯಾರಾಚೂಟ್‌ನಲ್ಲಿ ನೆಲಕ್ಕೆ ಬಿದ್ದು ಪಾದದ ಕೀಲು ಮುರಿದುಕೊಂಡ. ಬೆಳಕು ಹರಿದ ಮೇಲೆ ತೆವಳುತ್ತ ಹತ್ತಿರದ ಹಳ್ಳಿಯನ್ನು ತಲುಪಿ ಸೆರೆಯಾದ. ಪೈಲಟ್ ಮತ್ತು ಬಾಲದ ಬಂದೂಕುಗಾರ ವಿಮಾನದೊಂದಿಗೆ ಸತ್ತರು. ಉಳಿದ ನಾಲ್ವರು ಹಾರಿ ಬದುಕಿಕೊಂಡರು.

ಜಾಕ್ಸನ್ ಬೆಂಕಿಯನ್ನು ಆರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಫಲದ ದೃಷ್ಟಿಯಿಂದ ನೋಡಿದರೆ ಅದು ವಿಫಲ ಪ್ರಯತ್ನ. ಅವನಿಗೆ ವಿಕ್ಟೋರಿಯಾ ಕ್ರಾಸ್ ದೊರೆತದ್ದು 1945ರ ಅಕ್ಟೋಬರಿನಲ್ಲಿ, ಅದೂ ಸೆರೆಯಿಂದ ಬಿಡುಗಡೆಯಾಗಿ ಬಂದ ಸಂಗಡಿಗರು ನಡೆದದ್ದನ್ನು ಹೇಳಿದ ಮೇಲೆ.

ಕೆನಡಾದ ವಿನಿಪೆಗ್ ನಗರದ, ಪೋಲೆಂಡಿನಿಂದ ವಲಸೆ ಬಂದ ಕುಟುಂಬದ ಆಂಡ್ರ್ಯೂ ಮೈನಾರ್‌ಸ್ಕಿಯ ಪ್ರಸಂಗವೂ ಇಂಥದೇ. 1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೇ ರೈಲು ನಿಲ್ದಾಣದ ಮೇಲಿನ ದಾಳಿಯಲ್ಲಿ ಅವನ ವಿಮಾನಕ್ಕೆ ಬೆಂಕಿ ಬಿತ್ತು. ಹಾರಿಕೊಳ್ಳಿ ಎಂಬ ಆಜ್ಞೆಯಾಯಿತು. ಬಾಗಿಲ ಬಳಿಗೆ ಬಂದ ಮೈನಾರ್‌ಸ್ಕಿ, ಬಾಲದ ಗೋಪುರದಲ್ಲಿ ಗೆಳೆಯ ಪ್ಯಾಟ್ ಬ್ರೋಫಿ ಸಿಕ್ಕಿಹಾಕಿಕೊಂಡಿರುವುದನ್ನು ಕಂಡು ಜ್ವಾಲೆಯ ನಡುವೆ ತೆವಳಿ ಹೋದ. ಗೋಪುರ ಅಲುಗಲಿಲ್ಲ. ಬಟ್ಟೆಗೂ ಪ್ಯಾರಾಚೂಟ್‌ಗೂ ಬೆಂಕಿ ಹತ್ತಿತ್ತು. ಹೋಗು ಎಂದು ಬ್ರೋಫಿಯೇ ಸನ್ನೆ ಮಾಡಿದ. ಮೈನಾರ್‌ಸ್ಕಿ ಹಿಂದೆ ಸರಿದು, ಉರಿಯುವ ಬಟ್ಟೆಯಲ್ಲೇ ನೆಟ್ಟಗೆ ನಿಂತು ಗೆಳೆಯನಿಗೆ ಸೆಲ್ಯೂಟ್ ಮಾಡಿ ಹಾರಿದ. ಸುಟ್ಟ ಗಾಯಗಳಿಂದ ಅವನು ಸತ್ತ. ಸಾಯಲೇಬೇಕಿದ್ದ ಬ್ರೋಫಿ, ವಿಮಾನ ನೆಲಕ್ಕಪ್ಪಳಿಸಿದಾಗ ಹೊರಕ್ಕೆ ಎಸೆಯಲ್ಪಟ್ಟು ಬದುಕಿಬಿಟ್ಟ. ಅವನು ಬದುಕಿದ್ದರಿಂದಲೇ ಜಗತ್ತಿಗೆ ಈ ಕಥೆ ತಿಳಿದದ್ದು. 1946ರಲ್ಲಿ ಮೈನಾರ್‌ಸ್ಕಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರೊಂದು ನೆನಪಾಗುತ್ತದೆ. ಹಿಟ್ಲರನ ಕಾಲದಲ್ಲಿ ಯುರೋಪ್ ತೊರೆದು 1938ರಲ್ಲಿ ಅಮೆರಿಕ ಸೇರಿದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್, ಯುದ್ಧಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ಸಂಶೋಧನಾ ತಂಡದಲ್ಲಿದ್ದರು. ಬಾಂಬರ್ ವಿಮಾನದ ಯಾವ ಭಾಗಕ್ಕೆ ರಕ್ಷಾಕವಚ ಹೆಚ್ಚಿಸಬೇಕು ಎಂಬುದು ಪ್ರಶ್ನೆ. ಮರಳಿ ಬಂದ ವಿಮಾನಗಳ ಮೇಲಿನ ಗುಂಡಿನ ರಂಧ್ರಗಳನ್ನು ಎಣಿಸಿದರೆ ಸಾಲದು, ಮರಳದ ವಿಮಾನಗಳು ಎಲ್ಲಿ ಪೆಟ್ಟು ತಿಂದಿರಬಹುದು ಎಂಬುದನ್ನು ಲೆಕ್ಕ ಹಾಕಬೇಕು ಎಂದು ಅವರು ತೋರಿಸಿದರು. ಬಂದವುಗಳ ಮೇಲೆ ಎಲ್ಲಿ ರಂಧ್ರ ಕಡಿಮೆಯೋ ಅಲ್ಲಿಯೇ ಪ್ರಾಣಾಪಾಯ ಹೆಚ್ಚು; ಏಕೆಂದರೆ ಅಲ್ಲಿ ಏಟು ತಿಂದವು ಬರಲೇ ಇಲ್ಲ. (ಇದೇ ವಾಲ್ಡ್ 1950ರ ಡಿಸೆಂಬರಿನಲ್ಲಿ ಉಪನ್ಯಾಸ ಪ್ರವಾಸಕ್ಕೆಂದು ಭಾರತಕ್ಕೆ ಬಂದಿದ್ದಾಗ ಪತ್ನಿಯೊಡನೆ ನೀಲಗಿರಿ ಬೆಟ್ಟಗಳಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು.)

ವಾಲ್ಡರ ತರ್ಕವನ್ನು ಶೌರ್ಯಕ್ಕೂ ಅನ್ವಯಿಸಬೇಕೆಂದು ನನಗೆ ಅನ್ನಿಸುತ್ತದೆ. ಜಾಕ್ಸನ್, ಮೈನಾರ್‌ಸ್ಕಿಯರ ಸಾಹಸಗಳು ನಮಗೆ ತಿಳಿದಿರುವುದು ಸಾಕ್ಷಿಗಳು ಉಳಿದುದರಿಂದ. ಪದಕವೆನ್ನುವುದು ಮರಳಿ ಬಂದ ವಿಮಾನದ ಮೇಲಿನ ರಂಧ್ರದಂತೆ. ಏಳು ಮಂದಿಯೂ ಸತ್ತ ವಿಮಾನಗಳಲ್ಲಿ ಕೊನೆಯ ಎರಡು ನಿಮಿಷ ಯಾರು ಯಾರನ್ನು ಬಿಡಿಸಲು ಹೋದರು, ಯಾರು ತಮ್ಮ ಪ್ಯಾರಾಚೂಟನ್ನು ಇನ್ನೊಬ್ಬನಿಗೆ ಕೊಟ್ಟರು, ಎಷ್ಟು ಪೈಲಟ್‌ಗಳು ಉಳಿದವರು ಹಾರಲೆಂದು ಉರಿಯುವ ವಿಮಾನವನ್ನು ನೆಟ್ಟಗೆ ಹಿಡಿದು ಕುಳಿತರು? ಕಡತದಲ್ಲಿ ಉಳಿದದ್ದು ಹಿಂತಿರುಗಲಿಲ್ಲ ಎಂಬ ಒಂದೇ ಪದ. ಸರ್ಕಾರಿ ಕಡತಗಳ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವನಿಗೆ ಇಂಥ ಪದಗಳ ಭಾರ ಗೊತ್ತಿರುತ್ತದೆ.

ಹಾಗಿದ್ದರೆ ಸಾಕ್ಷಿಗಳು ಏಕೆ ಅಷ್ಟು ವಿರಳ? ಈ ಪ್ರಶ್ನೆಗೆ ಉತ್ತರ ಭಾಗಶಃ ಎರಡು ಅಂಗುಲದಲ್ಲಿದೆ. ಮುಂದೆ ಭೌತವಿಜ್ಞಾನಿಯಾಗಿ ಹೆಸರಾದ ಫ್ರೀಮನ್ ಡೈಸನ್ 1943ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಾಂಬರ್ ಕಮಾಂಡಿನ ಕೇಂದ್ರ ಕಚೇರಿಯ ಸಂಶೋಧನಾ ವಿಭಾಗಕ್ಕೆ ಸೇರಿದರು. ಹೊಡೆದುರುಳಿಸಲಾದ ವಿಮಾನಗಳಿಂದ ಎಷ್ಟು ಮಂದಿ ಬದುಕಿ ಹೊರಬಿದ್ದರು ಎಂಬ ಅಂಕಿ ಅಂಶ ಅವರ ಮುಂದಿತ್ತು. ಅವರು ಮುಂದೆ ಬರೆದಂತೆ, ಅಮೆರಿಕದ ಬಾಂಬರ್‌ಗಳಿಂದ ಸುಮಾರು ಅರ್ಧದಷ್ಟು ಮಂದಿ, ಹ್ಯಾಲಿಫ್ಯಾಕ್ಸ್ ವಿಮಾನದಿಂದ ನಾಲ್ಕನೆಯ ಒಂದು ಭಾಗ ಬದುಕುತ್ತಿದ್ದರೆ, ಬ್ರಿಟನ್ನಿನ ಹೆಮ್ಮೆಯ ಲ್ಯಾಂಕಾಸ್ಟರ್‌ನಿಂದ ಬದುಕುತ್ತಿದ್ದವರು ಶೇಕಡ 15 ಮಾತ್ರ. ಹ್ಯಾಲಿಫ್ಯಾಕ್ಸ್‌ನ ತುರ್ತು ಕಿಂಡಿಯ ಅಗಲ 24 ಅಂಗುಲ, ಲ್ಯಾಂಕಾಸ್ಟರ್‌ನದು 22. ದಪ್ಪನೆಯ ಉಡುಪು ತೊಟ್ಟು ಬೆನ್ನಿಗೋ ಎದೆಗೋ ಪ್ಯಾರಾಚೂಟ್ ಕಟ್ಟಿಕೊಂಡವನಿಗೆ, ಕತ್ತಲೆಯಲ್ಲಿ ಉರುಳುತ್ತಿರುವ ವಿಮಾನದಲ್ಲಿ, ಆ ಎರಡು ಅಂಗುಲವೇ ಬದುಕು. ಡೈಸನ್‌ರ ಸಹೋದ್ಯೋಗಿ ಮೈಕ್ ಓ'ಲಾಕ್ಲಿನ್ ಕಿಂಡಿಯನ್ನು ಅಗಲಗೊಳಿಸಲು ಕಚೇರಿಯಿಂದ ಕಚೇರಿಗೆ ಅಲೆದರು. ಒಪ್ಪಿಗೆ ದೊರೆಯುವ ಹೊತ್ತಿಗೆ ಯುದ್ಧವೇ ಮುಗಿಯುತ್ತ ಬಂದಿತ್ತು.

ಇನ್ನೂ ಕಹಿಯಾದ ಸಂಗತಿಗಳಿವೆ. ಅನುಭವ ಹೆಚ್ಚಿದಂತೆ ಬದುಕುಳಿಯುವ ಸಾಧ್ಯತೆಯೂ ಹೆಚ್ಚುತ್ತದೆ ಎಂದು ಹೊಸಬರಿಗೆ ಧೈರ್ಯ ಹೇಳಲಾಗುತ್ತಿತ್ತು. ಡೈಸನ್ ಲೆಕ್ಕ ಹಾಕಿ ನೋಡಿದಾಗ ಅದು ಆ ವೇಳೆಗೆ ನಿಜವಾಗಿ ಉಳಿದಿರಲಿಲ್ಲ. ಐದನೆಯ ದಾಳಿಗೆ ಹೊರಟವನಿಗೂ ಇಪ್ಪತ್ತೈದನೆಯದಕ್ಕೆ ಹೊರಟವನಿಗೂ ಅಪಾಯ ಒಂದೇ. ವಿಮಾನದ ಕೆಳಗಿನಿಂದ ಬಂದು ಮೇಲ್ಮುಖವಾಗಿ ಗುಂಡು ಹಾರಿಸುವ ಜರ್ಮನ್ ತಂತ್ರ ಇದಕ್ಕೆ ಮುಖ್ಯ ಕಾರಣವೆಂಬುದು ಅವರಿಗೆ ತಿಳಿದದ್ದು ತಡವಾಗಿ. ರಾತ್ರಿಯಲ್ಲಿ ಬಂದೂಕು ಗೋಪುರಗಳಿಂದ ಹೆಚ್ಚಿನ ಪ್ರಯೋಜನವಿಲ್ಲ, ಅವನ್ನು ತೆಗೆದರೆ ವಿಮಾನ ಗಂಟೆಗೆ ಐವತ್ತು ಮೈಲಿಯಷ್ಟು ವೇಗ ಪಡೆಯುತ್ತದೆ, ಇಬ್ಬರ ಜೀವವೂ ಉಳಿಯುತ್ತದೆ ಎಂಬ ಸಲಹೆಯೂ ಆ ವಿಭಾಗದೊಳಗೆ ಮೂಡಿತ್ತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಸಂಗಡಿಗರನ್ನು ಕಾಪಾಡುವ ಕೆಚ್ಚೆದೆಯ ಬಂದೂಕುಗಾರ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿ ಅಷ್ಟು ಆಳವಾಗಿ ಬೇರೂರಿತ್ತು. ಶೌರ್ಯದ ಕಥೆಯೇ ಶೂರನ ಕೊರಳಿಗೆ ಉರುಳಾಗುವುದೆಂದರೆ ಇದು. ಕೆಳಗಿನವರ ಧೈರ್ಯ ಧಾರಾಳವಾಗಿ ದೊರೆಯುತ್ತಿರುವಾಗ ಮೇಲಿನವರು ವಿನ್ಯಾಸ ತಿದ್ದುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಉಚಿತವಾಗಿ ಸಿಗುವ ಸರಕನ್ನು ಯಾರೂ ಮಿತವಾಗಿ ಬಳಸುವುದಿಲ್ಲ ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕದ್ದು ಒಂದು ಸಲ. ಇವರು ಹೊರದಾರಿಯ ಖಾತರಿಯಿಲ್ಲದ ವ್ಯೂಹವನ್ನು ಮೂವತ್ತು ಸಲ ಹೊಗಬೇಕಿತ್ತು. ನಡುವೆ ಹಗಲುಗಳಿದ್ದವು, ಹತ್ತಿರದ ಊರಿನ ಸಿನಿಮಾ, ಬಿಯರು, ಪ್ರೇಯಸಿಯ ಕಾಗದಗಳಿದ್ದವು. ಬಿಸಿ ರಕ್ತದ ಆವೇಶ ಎಂದು ಇದನ್ನು ವಿವರಿಸಲಾಗದು. ಹನ್ನೆರಡು ರಾತ್ರಿ ಕಂಡವನು ಹದಿಮೂರನೆಯದಕ್ಕೆ ಏಣಿ ಹತ್ತುವುದೇ ಇವರ ನಿಜವಾದ ಪರಾಕ್ರಮ, ಅದಕ್ಕೆ ಪದಕವಿರಲಿಲ್ಲ. ಹತ್ತಲಾರೆನೆಂದವನಿಗೆ ಮಾತ್ರ ಒಂದು ಬಿರುದು ಸಿದ್ಧವಿತ್ತು: ನೈತಿಕ ಸ್ಥೈರ್ಯದ ಕೊರತೆಯುಳ್ಳವನು. ಇಪ್ಪತ್ತು ದಾಳಿ ಮುಗಿಸಿ ಕೈ ನಡುಗತೊಡಗಿದವನ ಎದೆಯ ಮೇಲಿನ ರೆಕ್ಕೆಯ ಲಾಂಛನವನ್ನು ಕಿತ್ತು, ದರ್ಜೆ ಇಳಿಸಿ, ಕೀಳು ಕೆಲಸಕ್ಕೆ ಹಚ್ಚಲಾಗುತ್ತಿತ್ತು. ಹೀಗೆ ಗುರುತಿಸಲ್ಪಟ್ಟವರ ಸಂಖ್ಯೆ ಬಹಳ ಕಡಿಮೆ. ಆದರೆ ಆ ಭಯ ಎಲ್ಲರ ಬೆನ್ನ ಹಿಂದೆಯೂ ನಿಂತಿತ್ತು. ಸ್ವಯಂ ಇಚ್ಛೆಯಿಂದ ಬಂದವನಿಗೆ ಸ್ವಯಂ ಇಚ್ಛೆಯಿಂದ ಹೋಗುವ ಹಕ್ಕು ಇಲ್ಲದಿರುವುದು ಯುದ್ಧಕಾಲದ ಅನಿವಾರ್ಯವೆಂದು ಒಪ್ಪೋಣ. ದಣಿದ ಮನಸ್ಸಿಗೆ ಹೇಡಿತನವೆಂದು ಹೆಸರಿಟ್ಟದ್ದು ಯಾವ ಅನಿವಾರ್ಯ?

ನಿರಂತರವಾದ ಧೈರ್ಯವನ್ನು ಸರ್ಕಾರ ಗುರುತಿಸಿದ ಅಪರೂಪದ ಉದಾಹರಣೆ ಲೆನರ್ಡ್ ಚೆಷೈರ್. ನೂರು ದಾಳಿಗಳಲ್ಲಿ ಪಾಲ್ಗೊಂಡ ಈತನಿಗೆ 1944ರಲ್ಲಿ ವಿಕ್ಟೋರಿಯಾ ಕ್ರಾಸ್ ಬಂದದ್ದು ಒಂದು ರಾತ್ರಿಯ ಸಾಹಸಕ್ಕಲ್ಲ, ನಾಲ್ಕು ವರ್ಷಗಳ ನಡವಳಿಕೆಗೆ. ಅರಮನೆಯ ಪದಕ ಪ್ರದಾನಕ್ಕೆ ಅವರೂ ಜಾಕ್ಸನ್‌ರೂ ಒಟ್ಟಿಗೆ ಹೋಗಿದ್ದರು. ದರ್ಜೆಯಲ್ಲಿ ಹಿರಿಯರಾದರೂ ಜಾಕ್ಸನ್‌ಗೆ ಮೊದಲು ಪದಕ ಕೊಡಬೇಕೆಂದು ಚೆಷೈರ್ ಆರನೆಯ ಜಾರ್ಜ್ ದೊರೆಯನ್ನು ಕೇಳಿಕೊಂಡರಂತೆ, ಶಿಷ್ಟಾಚಾರ ಒಪ್ಪಲಿಲ್ಲ. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಅಣುಬಾಂಬು ಬಿದ್ದಾಗ ಬ್ರಿಟನ್ನಿನ ಅಧಿಕೃತ ವೀಕ್ಷಕರಾಗಿ ವಿಮಾನದಲ್ಲಿದ್ದವರು ಇದೇ ಚೆಷೈರ್. ಯುದ್ಧ ಮುಗಿದ ಮೇಲೆ ಅವರು ಅಂಗವಿಕಲರಿಗಾಗಿ, ದೀರ್ಘರೋಗಿಗಳಿಗಾಗಿ ಮನೆಗಳನ್ನು ಸ್ಥಾಪಿಸುತ್ತ ಹೋದರು. ಇಂಗ್ಲೆಂಡಿನ ಹೊರಗೆ ಮೊದಲ ಮನೆ ಆರಂಭವಾದದ್ದು 1950ರ ದಶಕದಲ್ಲಿ, ಮುಂಬಯಿಯಲ್ಲಿ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಚೆಷೈರ್ ಹೋಮ್ ಅನ್ನು ನಮ್ಮಲ್ಲಿ ಅನೇಕರು ನೋಡಿರುತ್ತಾರೆ. ಆ ಹೆಸರು ಒಬ್ಬ ಬಾಂಬರ್ ಪೈಲಟ್‌ನದೆಂದು ತಿಳಿದವರು ಕಡಿಮೆ.

ಇಷ್ಟೆಲ್ಲ ಧೈರ್ಯವನ್ನು ಯಾವುದಕ್ಕಾಗಿ ವ್ಯಯಿಸಲಾಯಿತು ಎಂಬ ಪ್ರಶ್ನೆಯನ್ನು ಬದಿಗೆ ಸರಿಸುವುದು ಪ್ರಾಮಾಣಿಕತೆಯಲ್ಲ. 1941ರ ಬಟ್ ವರದಿಯ ಪ್ರಕಾರ, ಗುರಿ ಮುಟ್ಟಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಗುರಿಯಿಂದ ಐದು ಮೈಲಿಯೊಳಗೆ ಹೋದವು ಮೂರರಲ್ಲಿ ಒಂದು ಮಾತ್ರ. ಕಾರ್ಖಾನೆಗಳು ಕತ್ತಲೆಯಲ್ಲಿ ಸಿಗದಾದಾಗ, 1942ರ ಫೆಬ್ರುವರಿಯ ಆದೇಶದ ನಂತರ, ನಗರಗಳೇ ಗುರಿಯಾದವು. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್‌ನಲ್ಲಿ ಎದ್ದ ಅಗ್ನಿಚಂಡಮಾರುತ ಮೂವತ್ತೈದು ಸಾವಿರಕ್ಕೂ ಹೆಚ್ಚು ಮಂದಿಯನ್ನು ನುಂಗಿತು. 1945ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್‌ನಲ್ಲಿ ಸತ್ತವರು ಇಪ್ಪತ್ತೈದು ಸಾವಿರದವರೆಗೆ. ಮಕ್ಕಳು, ವೃದ್ಧರು, ಹೆಂಗಸರು ಅವರಲ್ಲಿ ಹೇರಳ. ಚಿಚೆಸ್ಟರ್‌ನ ಬಿಷಪ್ ಜಾರ್ಜ್ ಬೆಲ್ 1944ರ ಫೆಬ್ರುವರಿಯಲ್ಲಿಯೇ ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತು ಇದನ್ನು ಪ್ರಶ್ನಿಸಿದ್ದರು.

ಯುದ್ಧದ ನಂತರ ಅಮೆರಿಕ ನಡೆಸಿದ ಬಾಂಬ್ ದಾಳಿಗಳ ಸಮೀಕ್ಷೆಯಲ್ಲಿ, ಮುಂದೆ ಭಾರತಕ್ಕೆ ರಾಯಭಾರಿಯಾಗಿ ಬಂದ ಅರ್ಥಶಾಸ್ತ್ರಜ್ಞ ಗಾಲ್‌ಬ್ರೇತ್ ಪ್ರಮುಖ ಪಾತ್ರ ವಹಿಸಿದ್ದರು. ಜರ್ಮನಿಯ ಶಸ್ತ್ರೋತ್ಪಾದನೆ 1944ರ ಮಧ್ಯದವರೆಗೂ ಏರುತ್ತಲೇ ಇತ್ತೆಂದು ಆ ಸಮೀಕ್ಷೆ ಕಂಡುಕೊಂಡಿತು. ಇತ್ತೀಚಿನ ಆರ್ಥಿಕ ಚರಿತ್ರಕಾರ ಆಡಂ ಟೂಝ್ ಇದನ್ನು ಹಾಗೆಯೇ ಒಪ್ಪುವುದಿಲ್ಲ. 1943ರಲ್ಲಿ ರೂರ್ ಕಣಿವೆಯ ಮೇಲೆ ನಡೆದ ದಾಳಿಗಳು ಆ ಏರಿಕೆಯ ವೇಗವನ್ನು ನಿಜಕ್ಕೂ ತಡೆದವೆಂಬುದು ಅವರ ವಾದ. ನನಗೆ ಟೂಝ್ ಮಂಡಿಸುವ ಉಕ್ಕು, ಕಲ್ಲಿದ್ದಲಿನ ಲೆಕ್ಕ ಮನಗಾಣಿಸುತ್ತದೆ. ಆದರೆ ಅದು ಡ್ರೆಸ್ಡೆನ್‌ಗೆ ಸಮರ್ಥನೆಯಾಗುವುದಿಲ್ಲ. ಇಪ್ಪತ್ತೆರಡರ ನ್ಯಾವಿಗೇಟರ್ ಗುರಿಯನ್ನು ಆರಿಸಿದವನಲ್ಲ; ಆರಿಸಿದವರು ನಕಾಶೆಯ ಮುಂದೆ ಕುಳಿತ ಹಿರಿಯರು. ಅವನ ಕೈಯಲ್ಲಿದ್ದದ್ದು ಪೆನ್ಸಿಲ್, ಗಡಿಯಾರ ಮತ್ತು ಆರು ಜೀವಗಳ ಹೊಣೆ. ಅವನ ಧೈರ್ಯವನ್ನು ತೋರಿಸಿ ನೀತಿಯನ್ನು ಸಮರ್ಥಿಸುವುದೂ ನೀತಿಯ ಪಾಪವನ್ನು ಅವನ ತಲೆಗೆ ಕಟ್ಟುವುದೂ ಎರಡೂ ತಪ್ಪು.

ಬ್ರಿಟನ್ ಮಾಡಿದ್ದು ಎರಡನೆಯದನ್ನು. ಡ್ರೆಸ್ಡೆನ್‌ನ ಸುದ್ದಿ ಹರಡಿದ ಮೇಲೆ 1945ರ ಮಾರ್ಚ್ 28ರಂದು ಪ್ರಧಾನಿ ಚರ್ಚಿಲ್, ಭಯ ಹುಟ್ಟಿಸಲೆಂದೇ ನಗರಗಳ ಮೇಲೆ ದಾಳಿ ಮಾಡುವುದನ್ನು ಮರುಪರಿಶೀಲಿಸಬೇಕೆಂಬ ಟಿಪ್ಪಣಿ ಬರೆದರು. ವಾಯುಪಡೆಯ ಮುಖ್ಯಸ್ಥರು ಆಕ್ಷೇಪಿಸಿದಾಗ ಅದನ್ನು ಹಿಂತೆಗೆದುಕೊಂಡು ಮೃದುವಾದ ಭಾಷೆಯಲ್ಲಿ ಇನ್ನೊಂದನ್ನು ಬರೆದರು. ಇಂಥ ಟಿಪ್ಪಣಿಗಳ ಉದ್ದೇಶ ಯಾವ ಗುಮಾಸ್ತನಿಗೂ ಅರ್ಥವಾಗುತ್ತದೆ. ಮೇ 13ರ ವಿಜಯ ಭಾಷಣದಲ್ಲಿ ಬಾಂಬರ್ ಕಮಾಂಡಿಗೆ ಹೇಳಿಕೊಳ್ಳುವಂಥ ಪ್ರಸ್ತಾಪವೇ ಇರಲಿಲ್ಲ. ಪ್ರತ್ಯೇಕ ಪದಕ ಕೊಡಿ ಎಂಬ ಅವರ ದಂಡನಾಯಕ ಆರ್ಥರ್ ಹ್ಯಾರಿಸ್‌ರ ಕೋರಿಕೆ ತಿರಸ್ಕೃತವಾಯಿತು. ಜಾಕ್ಸನ್ ಯುದ್ಧಾನಂತರ ವಿಸ್ಕಿ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿ ಊರೂರು ತಿರುಗಿ ಬದುಕಿ, 1994ರಲ್ಲಿ ತೀರಿಕೊಂಡರು.

ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕ ಅನಾವರಣಗೊಂಡದ್ದು 2012ರ ಜೂನ್ 28ರಂದು, ಯುದ್ಧ ಮುಗಿದು 67 ವರ್ಷಗಳ ನಂತರ. ಏಳು ಮಂದಿಯ ಕಂಚಿನ ತಂಡ ಅಲ್ಲಿ ನಿಂತಿದೆ. ಬೆಲ್ಜಿಯಂನಲ್ಲಿ ಬಿದ್ದಿದ್ದ ಹ್ಯಾಲಿಫ್ಯಾಕ್ಸ್ ವಿಮಾನದ ಅಲ್ಯೂಮಿನಿಯಂ ಅದರ ಚಾವಣಿಗೆ ಬಳಕೆಯಾಗಿದೆ. ಬಾಂಬ್ ದಾಳಿಯಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ನೆನೆಯುವ ಬರಹ ಅಲ್ಲಿದೆ ಎಂಬುದು ಸಮಾಧಾನದ ಸಂಗತಿ. ಮರುವರ್ಷ ಸರ್ಕಾರ ಹೊಸ ಪದಕವನ್ನೇನೂ ಕೊಡಲಿಲ್ಲ. ಹಳೆಯ ಪದಕವೊಂದರ ರಿಬ್ಬನ್ನಿಗೆ ಹೊಲಿಯಬಹುದಾದ ಸಣ್ಣ ಲೋಹದ ಪಟ್ಟಿಯನ್ನು ಮಂಜೂರು ಮಾಡಿತು. ಅದಕ್ಕೆ ಅರ್ಹತೆ: ದಾಳಿ ಘಟಕದಲ್ಲಿ ಕನಿಷ್ಠ ಅರವತ್ತು ದಿನಗಳ ಸೇವೆ ಅಥವಾ ಒಂದು ಪೂರ್ಣ ಸರದಿ, ಮತ್ತು ಕನಿಷ್ಠ ಒಂದು ದಾಳಿ. ವಿಮಾನಗಳನ್ನು ಸಿದ್ಧಪಡಿಸಿ ಕಳುಹಿಸಿ ಬೆಳಗಿನವರೆಗೂ ರನ್‌ವೇ ಕಡೆ ನೋಡುತ್ತ ನಿಲ್ಲುತ್ತಿದ್ದ ನೆಲದ ಸಿಬ್ಬಂದಿಗೆ ಅದು ಅನ್ವಯಿಸುವುದಿಲ್ಲ. ಪಟ್ಟಿ ತಾನಾಗಿ ಮನೆಗೆ ಬರಲಿಲ್ಲ. ಬದುಕಿದ್ದವರು, ಸತ್ತವರ ಪರವಾಗಿ ಅವರ ಸಂಬಂಧಿಕರು, ಅರ್ಜಿ ಸಲ್ಲಿಸಬೇಕಿತ್ತು.